ಪ್ಲೇಟ್‌ಲೆಟ್ ದಾನಿಗಳ ಕಬ್ಬಿಣದ ಲೆಕ್ಕ: ಎಚ್‌ಬಿ ಚೆನ್ನಾಗಿದ್ದರೂ ಫೆರಿಟಿನ್ ನೋಡಿಸಿ

ಪದೇ ಪದೇ ಪ್ಲೇಟ್‌ಲೆಟ್ ಕೊಡುವವರನ್ನು ಕಬ್ಬಿಣಾಂಶದ ಬಗ್ಗೆ ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ: "ಕೆಂಪು ಕಣ ಎಲ್ಲಾ ವಾಪಸ್ ಬಿಡ್ತಾರಲ್ಲ, ನಮಗೆ ಆ ತೊಂದರೆ ಇಲ್ಲ." ಮಾತು ಬಹುಮಟ್ಟಿಗೆ ಸರಿ. ಯಂತ್ರ ರಕ್ತವನ್ನು ಎಳೆದುಕೊಂಡು, ತಿರುಗಿಸಿ, ತನಗೆ ಬೇಕಾದ ಪ್ಲೇಟ್‌ಲೆಟ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ತೋಳಿಗೇ ಹಿಂದಕ್ಕೆ ಬಿಡುತ್ತದೆ. ಆದರೆ ಪೂರ್ತಿ ಬಿಡುವುದಿಲ್ಲ. ಪ್ರತಿ ಸಲವೂ ಸ್ವಲ್ಪ ಕೆಂಪು ಕಣ ಹೊರಗೇ ಉಳಿಯುತ್ತದೆ. ವರ್ಷಕ್ಕೆ ಎರಡು ಸಲ ಬರುವವರಿಗೆ ಇದು ಲೆಕ್ಕಕ್ಕೇ ಇಲ್ಲ, ಎರಡು ವಾರಕ್ಕೊಮ್ಮೆ ಬಂದು ಕೂರುವವರಿಗೆ ಮಾತ್ರ ಇದೇ ದೊಡ್ಡ ಲೆಕ್ಕ.

ಹಾಗಂತ ದಾನ ನಿಲ್ಲಿಸಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಿಮ್ಮ ದೇಹದಿಂದ ಎಷ್ಟು ಹೋಗುತ್ತಿದೆ, ಎಷ್ಟು ಉಳಿದಿದೆ (ಇದನ್ನು ತೋರಿಸುವುದೇ ಫೆರಿಟಿನ್ ಎಂಬ ರಕ್ತಪರೀಕ್ಷೆ), ಹೋದದ್ದನ್ನು ಹೇಗೆ ತುಂಬಿಕೊಳ್ಳಬೇಕು, ಇಷ್ಟು ಗೊತ್ತಿದ್ದರೆ ಬಹಳ ವರ್ಷ ಆರಾಮಾಗಿ ಕೊಡುತ್ತಾ ಇರಬಹುದು.

ಎಲ್ಲಿ ಸೋರುತ್ತದೆ

ಮೊದಲು ಒಂದು ಅಳತೆ ನೆನಪಿಟ್ಟುಕೊಳ್ಳಿ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿ.ಗ್ರಾಂ ಕಬ್ಬಿಣ ಇರುತ್ತದೆ. ಅಂದರೆ ಎಚ್‌ಬಿ (ಹಿಮೋಗ್ಲೋಬಿನ್) 14-15 ಇರುವವರ ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ ಹೆಚ್ಚುಕಡಿಮೆ ಅರ್ಧ ಮಿ.ಗ್ರಾಂ. ಈ "ಅರ್ಧ" ಒಂದು ಗೊತ್ತಿದ್ದರೆ ಸಾಕು, ಉಳಿದದ್ದೆಲ್ಲ ಬಾಯಿಲೆಕ್ಕ.

ಇಡೀ ರಕ್ತ ಕೊಟ್ಟರೆ, ಅಂದರೆ 450 ರಿಂದ 500 ಮಿ.ಲೀ. ಹೋದರೆ, 200 ರಿಂದ 250 ಮಿ.ಗ್ರಾಂ ಕಬ್ಬಿಣ ಹೋಯಿತು. ಯಂತ್ರದಲ್ಲಿ ಎರಡು ಯೂನಿಟ್ ಕೆಂಪು ಕಣ ಒಟ್ಟಿಗೆ ಕೊಡುವ ಪದ್ಧತಿ ಕೆಲವು ಕಡೆ ಇದೆ. ಅದರಲ್ಲಿ ಇದರ ಹತ್ತಿರ ಹತ್ತಿರ ಎರಡರಷ್ಟು ಹೋಗುತ್ತದೆ, ಅದಕ್ಕೇ ಅಲ್ಲಿ ಎರಡು ದಾನಗಳ ನಡುವಿನ ಅಂತರವನ್ನೂ ಜಾಸ್ತಿ ಇಟ್ಟಿರುತ್ತಾರೆ.

ಪ್ಲೇಟ್‌ಲೆಟ್ ದಾನದಲ್ಲಿ ಎರಡು ಕಡೆ ಸೋರಿಕೆ. ಒಂದು, ಶುರುವಿನಲ್ಲೇ ತೆಗೆಯುವ ಸ್ಯಾಂಪಲ್ ಟ್ಯೂಬುಗಳು. ಸೋಂಕಿನ ಪರೀಕ್ಷೆ, ಗುಂಪಿನ ಪರೀಕ್ಷೆ, ಕಣಗಳ ಎಣಿಕೆ ಎಂದು ನಾಲ್ಕಾರು ಟ್ಯೂಬ್ ತುಂಬುತ್ತಾರೆ, ಅದಕ್ಕೂ ಮೊದಲು ಬರುವ ರಕ್ತವನ್ನು ಒಂದು ಸಣ್ಣ ಚೀಲಕ್ಕೆ ಬಿಟ್ಟಿರುತ್ತಾರೆ. ಇದು ವಾಪಸ್ ಬರುವ ರಕ್ತವಲ್ಲ. ಇನ್ನೊಂದು, ಕೊನೆಯಲ್ಲಿ ಸಲೈನ್ ಹಾಯಿಸಿ ಕಿಟ್‌ನಲ್ಲಿರುವ ರಕ್ತವನ್ನು ಹಿಂದಕ್ಕೆ ಕಳಿಸುತ್ತಾರಲ್ಲ, ಆಗಲೂ ಪೈಪು ಮತ್ತು ಬಟ್ಟಲಿನಲ್ಲಿ ಅಂಟಿಕೊಂಡು ಉಳಿಯುವ ಕಣಗಳು. ಎಷ್ಟು ಉಳಿಯುತ್ತದೆ ಅನ್ನುವುದು ಯಂತ್ರದ ಮಾದರಿಯ ಮೇಲೆ ಹೋಗುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಟ್ಯೂಬು, ಚೀಲ, ಕಿಟ್ ಎಲ್ಲಾ ಸೇರಿ ಒಂದು ಸಲಕ್ಕೆ 50 ಮಿ.ಲೀ. ರಕ್ತದಷ್ಟು ಹೋಯಿತು ಅಂದುಕೊಳ್ಳಿ. ಅಂದರೆ 25 ಮಿ.ಗ್ರಾಂ ಕಬ್ಬಿಣ. ಒಂದು ಸಲಕ್ಕೆ ಏನೂ ಅಲ್ಲ. ಆದರೆ ಅಮೆರಿಕದ ನಿಯಮದಲ್ಲಿ ವರ್ಷಕ್ಕೆ 24 ಸಲದವರೆಗೆ ಪ್ಲೇಟ್‌ಲೆಟ್ ಕೊಡಬಹುದು. 24 ಸಲ ಕೊಟ್ಟವರ ಲೆಕ್ಕ 600 ಮಿ.ಗ್ರಾಂ ಆಯಿತು. ಇಡೀ ರಕ್ತವನ್ನು ಎರಡು ಸಲ ಕೊಟ್ಟದ್ದಕ್ಕಿಂತ ಜಾಸ್ತಿ, ಅದೂ "ನಾನು ಕೆಂಪು ಕಣ ಕೊಡಲೇ ಇಲ್ಲ" ಅಂದುಕೊಂಡಿರುವಾಗ. ನಡುವೆ ಒಂದೆರಡು ಸಲ ಇಡೀ ರಕ್ತವನ್ನೂ ಕೊಟ್ಟಿದ್ದರೆ ಅದನ್ನೂ ಕೂಡಿಸಿಕೊಳ್ಳಿ.

ನಿಮ್ಮ ಲೆಕ್ಕ ನಿಮಗೆ ಬೇಕಾದರೆ ಮುಂದಿನ ಸಲ ಹೋದಾಗ ಸುಮ್ನೆ ಕೇಳಿಬಿಡಿ: ಟ್ಯೂಬುಗಳಿಗೆ ಒಟ್ಟು ಎಷ್ಟು ಮಿ.ಲೀ. ತೆಗೆಯುತ್ತೀರಿ, ಕಿಟ್‌ನಲ್ಲಿ ಎಷ್ಟು ಉಳಿಯುತ್ತದೆ? ಯಂತ್ರ ನಡೆಸುವ ಸಿಬ್ಬಂದಿಗೆ ಇದು ಹೊಸ ಪ್ರಶ್ನೆಯೇನಲ್ಲ. ಬಂದ ಅಂಕಿಯನ್ನು ಅರ್ಧ ಮಾಡಿ, ವರ್ಷದಲ್ಲಿ ಕೊಡುವ ಸಲದಿಂದ ಗುಣಿಸಿ. ಒಂದು ಎಚ್ಚರ: ಕಿಟ್‌ನಲ್ಲಿ ಉಳಿಯುವುದನ್ನು ಅವರು ರಕ್ತದ ಲೆಕ್ಕದಲ್ಲಿ ಹೇಳದೆ ಬರೀ ಕೆಂಪು ಕಣದ ಲೆಕ್ಕದಲ್ಲಿ ಹೇಳಿದರೆ ಅರ್ಧ ಮಾಡಬೇಡಿ. ಗಟ್ಟಿ ಕೆಂಪು ಕಣ ಒಂದು ಮಿಲಿಲೀಟರಿಗೆ ಸುಮಾರು ಒಂದು ಮಿ.ಗ್ರಾಂ ಕಬ್ಬಿಣ ಇರುತ್ತದೆ.

ಇನ್ನೊಂದು ಸಂದರ್ಭ ಇದೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಧ್ಯದಲ್ಲಿ ಸೂಜಿ ಜಾರಿ ತೋಳು ಊದಿಕೊಂಡಿತು, ಅಥವಾ ಯಂತ್ರ ಕೈಕೊಟ್ಟಿತು, ಹಿಂದಕ್ಕೆ ಬಿಡುವುದಕ್ಕೇ ಆಗಲಿಲ್ಲ. ಆಗ ಕಿಟ್‌ನಲ್ಲಿ ಆ ಹೊತ್ತಿಗೆ ಇದ್ದ ರಕ್ತವೆಲ್ಲ ಹೋಯಿತು. ಪ್ಲೇಟ್‌ಲೆಟ್ ಸಿಗಲಿಲ್ಲವಾದ್ದರಿಂದ "ದಾನ ಆಗಲಿಲ್ಲ" ಎಂದು ಬರೆದುಕೊಳ್ಳುತ್ತಾರೆ, ದಾನಿಯೂ ಹಾಗೇ ಅಂದುಕೊಳ್ಳುತ್ತಾರೆ, ಆದರೆ ಕಬ್ಬಿಣದ ದೃಷ್ಟಿಯಿಂದ ಅದೇ ಆ ವರ್ಷದ ಅತಿ ದೊಡ್ಡ ಸೋರಿಕೆ ಆಗಿರಬಹುದು. ಅಂಥ ದಿನ ಎಷ್ಟು ಹೋಯಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಜಾಸ್ತಿ ಹೋಗಿದ್ದರೆ ಅವರೇ ಮುಂದಿನ ದಿನಾಂಕವನ್ನು ದೂರ ಹಾಕುತ್ತಾರೆ, ಹಾಕದಿದ್ದರೆ ನೀವೇ ಹಾಕಿಸಿಕೊಳ್ಳಿ.

ಬರೀ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಕೊಡುವವರ ಕಥೆ ಹಗುರ. ಪ್ಲಾಸ್ಮಾ ಯಂತ್ರಗಳಲ್ಲಿ ಕೆಂಪು ಕಣ ಚೆನ್ನಾಗಿಯೇ ವಾಪಸ್ ಬರುತ್ತದೆ. ಪದೇ ಪದೇ ಪ್ಲಾಸ್ಮಾ ಕೊಡುವ ಅಮೆರಿಕದ ದಾನಿಗಳ ಫೆರಿಟಿನ್ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದರಿಂದ ಕಬ್ಬಿಣದ ದಾಸ್ತಾನು ಬರಿದಾಗುವ ಅಪಾಯ ಕಾಣಲಿಲ್ಲ. ಸ್ಯಾಂಪಲ್ ಟ್ಯೂಬಿನ ಸೋರಿಕೆ ಇಲ್ಲೂ ಇದೆ, ಅಷ್ಟೇ.

ಬೆರಳು ಚುಚ್ಚಿ ನೋಡಿದ್ದು ಇದನ್ನಲ್ಲ

"ಪ್ರತಿ ಸಲ ಎಚ್‌ಬಿ ನೋಡಿಯೇ ತೊಗೋತಾರೆ, ಕಡಿಮೆ ಇದ್ದರೆ ವಾಪಸ್ ಕಳಿಸ್ತಾರೆ" ಎಂಬ ಧೈರ್ಯ ಎಲ್ಲರಿಗೂ ಇರುತ್ತದೆ. ಆದರೆ ಬೆರಳಿನ ಹನಿ ಹೇಳುವುದು ಹಿಮೋಗ್ಲೋಬಿನ್ ಎಷ್ಟು ಎಂದು ಮಾತ್ರ. ಮನೆ ಮೇಲಿನ ಟ್ಯಾಂಕು ತಳ ಕಾಣುವವರೆಗೂ ಕೆಳಗಿನ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ, ಅಲ್ವಾ? ಹಾಗೆಯೇ ದೇಹ ಮೊದಲು ದಾಸ್ತಾನಿನ ಕಬ್ಬಿಣವನ್ನು ಖಾಲಿ ಮಾಡುತ್ತದೆ, ಎಚ್‌ಬಿ ಇಳಿಯುವುದು ಎಲ್ಲದಕ್ಕಿಂತ ಕೊನೆಗೆ. ಎಚ್‌ಬಿ ಇಳಿದು ವಾಪಸ್ ಕಳಿಸಿದರು ಅಂದರೆ ದಾಸ್ತಾನು ಮುಗಿದು ಎಷ್ಟೋ ತಿಂಗಳಾಗಿರಬಹುದು.

ಇದು ಬರೀ ತರ್ಕ ಅಲ್ಲ. ಅಮೆರಿಕದಲ್ಲಿ ರೈಸ್ ಎಂಬ ಅಧ್ಯಯನ ನಡೆಯಿತು. ಪದೇ ಪದೇ ರಕ್ತ ಕೊಡುವವರಲ್ಲಿ ಗಂಡಸರ ಪೈಕಿ ಶೇಕಡಾ 16.4, ಹೆಂಗಸರ ಪೈಕಿ ಶೇಕಡಾ 27.1 ಮಂದಿಗೆ ದಾಸ್ತಾನು ಬರಿದಾಗಿತ್ತು, ಅಂದರೆ ಫೆರಿಟಿನ್ 12ಕ್ಕಿಂತ ಕೆಳಗೆ. ಕೆಂಪು ಕಣ ತಯಾರಿಸುವುದಕ್ಕೇ ಕಬ್ಬಿಣ ಸಾಲದೆ ಇದ್ದವರು ಗಂಡಸರಲ್ಲಿ ಅರ್ಧದಷ್ಟು, ಹೆಂಗಸರಲ್ಲಿ ಮೂರರಲ್ಲಿ ಎರಡು ಪಾಲು. ಇವರು ಕಾಯಿಲೆ ಬಿದ್ದವರಲ್ಲ, ಬಂದು ದಾನ ಮಾಡಿ ಹೋಗುತ್ತಿದ್ದವರು. ಇದು ಇಡೀ ರಕ್ತ ಮತ್ತು ಕೆಂಪು ಕಣ ಕೊಡುವವರ ಲೆಕ್ಕ ನಿಜ. ಆದರೆ ಬಹಳ ಸಲ ಪ್ಲೇಟ್‌ಲೆಟ್ ಕೊಡುವವರಲ್ಲೂ, ಗಂಡಸರು ಹೆಂಗಸರು ಎನ್ನದೆ, ಫೆರಿಟಿನ್ ಕೆಳಗಿರುವುದು ಆಮೇಲಿನ ಅಧ್ಯಯನಗಳಲ್ಲಿ ಕಂಡುಬಂದಿದೆ.

ಯಾರ ದಾಸ್ತಾನು ಬೇಗ ಮುಗಿಯುತ್ತದೆ? ಮುಟ್ಟಾಗುವ ವಯಸ್ಸಿನ ಹೆಂಗಸರದ್ದು ಮೊದಲು. ಗಂಡಸರ ದಾಸ್ತಾನು ಸುಮಾರು 800 ರಿಂದ 1000 ಮಿ.ಗ್ರಾಂ ಇದ್ದರೆ ಇವರದು 300ರ ಆಸುಪಾಸು, ಎಷ್ಟೋ ಜನರಿಗೆ ಅಷ್ಟೂ ಇರುವುದಿಲ್ಲ. ಆಮೇಲೆ ಇನ್ನೂ ಬೆಳೆಯುತ್ತಿರುವ ಹದಿಹರೆಯದ ದಾನಿಗಳು. ಮಾಂಸ ತಿನ್ನದವರು, ಬಹಳ ದೂರ ಓಡುವ ಅಭ್ಯಾಸ ಇರುವವರು, ಆಗಾಗ ಎಚ್‌ಬಿ ಗಡಿಯಲ್ಲೇ ಪಾಸಾಗುವವರು ಕೂಡ ಈ ಸಾಲಿಗೇ ಸೇರುತ್ತಾರೆ. ಗಡಿಯಲ್ಲೇ ಪಾಸಾದರೆ "ಅಬ್ಬಾ ಆಯ್ತು" ಎಂದು ಖುಷಿಪಡುವ ಬದಲು ಅದನ್ನೇ ಎಚ್ಚರಿಕೆ ಎಂದು ತಿಳಿಯಿರಿ.

ದೇಹ ಹೇಳುವುದು

ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ತಲೆನೋವು, ಕೂದಲು ಉದುರುವುದು, ಉಗುರು ಸೀಳುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಇವುಗಳ ತೊಂದರೆ ಏನೆಂದರೆ ನೂರು ಕಾರಣಕ್ಕೆ ಬರುತ್ತವೆ, ನಿಧಾನವಾಗಿ ಬರುತ್ತವೆ, ವಯಸ್ಸಾಯಿತು ಅಂತಲೋ ಕೆಲಸ ಜಾಸ್ತಿ ಆಯಿತು ಅಂತಲೋ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ.

ಎರಡು ಲಕ್ಷಣ ಮಾತ್ರ ಕಬ್ಬಿಣದ ಕಡೆಗೇ ಬೆರಳು ತೋರಿಸುತ್ತವೆ. ಒಂದು, ಐಸ್ ಅಗಿಯುವ ಹುಚ್ಚು. ಸುಮ್ನೆ ಬೇಸಿಗೆಗೆ ಒಂದು ತುಂಡು ಬಾಯಿಗೆ ಹಾಕಿಕೊಳ್ಳುವುದಲ್ಲ, ಟ್ರೇ ಟ್ರೇ ಖಾಲಿ ಮಾಡುವಷ್ಟು ಆಸೆ. ಕೆಲವರಿಗೆ ಮಣ್ಣು, ಸೀಮೆಸುಣ್ಣ ತಿನ್ನಬೇಕು ಅನಿಸುತ್ತದೆ. ಹೇಳಿಕೊಳ್ಳಲು ನಾಚಿಕೆಯಾಗಿ ಮುಚ್ಚಿಡುತ್ತಾರೆ. ನಾಚಿಕೆಪಡುವಂಥದ್ದೇನಿಲ್ಲ, ಕಬ್ಬಿಣ ತುಂಬಿಕೊಂಡಾಗ ಇದು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಇನ್ನೊಂದು, ರಾತ್ರಿ ಮಲಗಿದಾಗ ಕಾಲು ಸುಮ್ಮನಿರದೆ ಆಡಿಸುತ್ತಲೇ ಇರಬೇಕು ಅನಿಸುವುದು. ಇವೆರಡರಲ್ಲಿ ಒಂದಿದ್ದರೂ ಮುಂದಿನ ದಾನಕ್ಕೆ ಮೊದಲು ಪರೀಕ್ಷೆ ಮಾಡಿಸಿ.

ಇಂಗ್ಲೆಂಡಿನಲ್ಲಿ ಸುಮಾರು 45,000 ದಾನಿಗಳ ಮೇಲೆ ನಡೆದ ಇಂಟರ್ವಲ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಎಂದಿನ ಅಂತರಕ್ಕಿಂತ ಬೇಗ ಬೇಗ ರಕ್ತ ಕೊಟ್ಟವರ ಒಟ್ಟಾರೆ ಜೀವನದ ಗುಣಮಟ್ಟದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೆ ಸುಸ್ತು, ಏದುಸಿರು, ತಲೆಸುತ್ತು, ಕಾಲಿನ ಚಡಪಡಿಕೆ ಜಾಸ್ತಿ ಇತ್ತು, ಫೆರಿಟಿನ್ ಕಡಿಮೆ ಇತ್ತು. ಎಲ್ಲರಿಗೂ ಲಕ್ಷಣ ಬರುವುದಿಲ್ಲ ಅನ್ನುವುದನ್ನೂ ಮರೆಯಬೇಡಿ. ಫೆರಿಟಿನ್ 10 ಇಟ್ಟುಕೊಂಡು ಏನೂ ಆಗಿಲ್ಲವೆಂಬಂತೆ ಓಡಾಡುವವರಿದ್ದಾರೆ. ಆದ್ದರಿಂದ ಲಕ್ಷಣಕ್ಕಾಗಿ ಕಾಯುತ್ತಾ ಕೂರಬೇಡಿ.

ಪರೀಕ್ಷೆ: ಯಾವುದು, ಯಾವಾಗ, ಹೇಗೆ ಓದುವುದು

ಲ್ಯಾಬಿನಲ್ಲಿ "ಐರನ್ ಟೆಸ್ಟ್" ಎಂದರೆ ಬರೀ ಸೀರಮ್ ಐರನ್ ಮಾಡಿ ಕೊಟ್ಟುಬಿಡಬಹುದು. ಅದರಿಂದ ಪ್ರಯೋಜನ ಕಡಿಮೆ. ಅದು ಬೆಳಗ್ಗೆ ಒಂದು, ಸಂಜೆ ಒಂದು ಇರುತ್ತದೆ, ಮಾತ್ರೆ ನುಂಗಿದ ದಿನ ಏರಿರುತ್ತದೆ. ನಿಮಗೆ ಬೇಕಾದದ್ದು ಸೀರಮ್ ಫೆರಿಟಿನ್. ಹೆಸರು ಹಿಡಿದೇ ಕೇಳಿ. ಜೊತೆಗೆ ಪೂರ್ತಿ ರಕ್ತಕಣಗಳ ಎಣಿಕೆಯೂ ಇದ್ದರೆ ಒಳ್ಳೆಯದು. ಅನುಮಾನ ಉಳಿದರೆ ಡಾಕ್ಟರು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಎನ್ನುವ ಪರೀಕ್ಷೆ) ಕೂಡ ಬರೆಯುತ್ತಾರೆ. ಫೆರಿಟಿನ್ ಒಂದಕ್ಕೇ ಆದರೆ ಖಾಲಿ ಹೊಟ್ಟೆ ಬೇಕಿಲ್ಲ.

ಜ್ವರ, ನೆಗಡಿ, ಯಾವುದೇ ಸೋಂಕು ಇದ್ದಾಗ ಮಾಡಿಸಬೇಡಿ. ಉರಿಯೂತ ಇದ್ದರೆ ಫೆರಿಟಿನ್ ಸುಳ್ಳು ಸುಳ್ಳಾಗಿ ಏರುತ್ತದೆ, ಲಿವರ್ ತೊಂದರೆಯಲ್ಲೂ ಹಾಗೆ, ಮದ್ಯ ಜಾಸ್ತಿ ಕುಡಿಯುವವರಲ್ಲೂ ಹಾಗೆ. ಖಾಲಿ ದಾಸ್ತಾನು ತುಂಬಿದಂತೆ ಕಾಣಿಸಿಬಿಡುತ್ತದೆ. ಮೈ ಪೂರ್ತಿ ಸರಿಹೋಗಿ ಒಂದೆರಡು ವಾರ ಕಳೆಯಲಿ. ಉಲ್ಟಾ ಆಗುವುದಿಲ್ಲ: ಫೆರಿಟಿನ್ ಕಡಿಮೆ ಬಂದರೆ ಅದು ನಿಜವಾಗಿಯೂ ಕಡಿಮೆಯೇ.

ಈಗ ಅಂಕಿ. ರಿಪೋರ್ಟಿನಲ್ಲಿ ಪಕ್ಕದಲ್ಲಿ ಅಚ್ಚಾಗಿರುವ "ನಾರ್ಮಲ್" ವ್ಯಾಪ್ತಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಅದು ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ, ಕೆಳಗಿನ ತುದಿ ಕೆಲವು ಕಡೆ ಬಹಳ ತಗ್ಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ 15ಕ್ಕಿಂತ ಕೆಳಗೆ ಎಂದರೆ ಕೊರತೆ. ರಕ್ತದಾನಿಗಳ ವಿಷಯದಲ್ಲಿ ಹೆಚ್ಚಾಗಿ ಬಳಸುವ ಗೆರೆ 26. ಅದಕ್ಕಿಂತ ಕೆಳಗಿದ್ದರೆ ಕೆಂಪು ಕಣ ತಯಾರಿಕೆಗೇ ಬಿಸಿ ತಟ್ಟಲು ಶುರುವಾಗಿರುತ್ತದೆ. ಈ ಅಂಕಿಗಳು ಪ್ರತಿ ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ. ಲೀಟರಿಗೆ ಮೈಕ್ರೋಗ್ರಾಂ ಎಂದು ಬರೆದಿದ್ದರೂ ಅಂಕಿ ಅದೇ.

ಫೆರಿಟಿನ್ ಒಂದು ಅಂಕಿ ಅಂದರೆ ದಾಸ್ತಾನಿನಲ್ಲಿ ಸುಮಾರು 8 ರಿಂದ 10 ಮಿ.ಗ್ರಾಂ ಕಬ್ಬಿಣ ಎಂದು ಒರಟು ಲೆಕ್ಕ ಹಾಕಬಹುದು. 30 ಇದ್ದರೆ 240 ರಿಂದ 300. ಅಂದರೆ ಒಂದು ಸಲ ಇಡೀ ರಕ್ತ ಕೊಟ್ಟರೆ ಮುಗಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಪದೇ ಪದೇ ಕೊಡುವವರು 30ರ ಕೆಳಗಿದ್ದಾಗ ಮೊದಲು ತುಂಬಿಕೊಳ್ಳುವುದನ್ನು ನೋಡಬೇಕು, ಕೊಡುವುದು ಆಮೇಲೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇಡೀ ರಕ್ತ ಕೊಡುವವರಿಗೆ ಫೆರಿಟಿನ್ ನೋಡಿಯೇ ಅಂತರ ನಿಗದಿ ಮಾಡುವ ಪದ್ಧತಿ ತಂದರು: 15 ರಿಂದ 30ರ ನಡುವೆ ಇದ್ದರೆ ಆರು ತಿಂಗಳು ಬಿಡುವು, 15ಕ್ಕಿಂತ ಕೆಳಗಿದ್ದರೆ ಒಂದು ವರ್ಷ. ಎಲ್ಲಾ ಕಡೆ ಹೀಗೇ ಮಾಡಿದ್ದರೆ ನಾನು ಇಷ್ಟೆಲ್ಲಾ ಬರೆಯಬೇಕಿರಲಿಲ್ಲ.

ಎಷ್ಟು ಸಲಕ್ಕೊಮ್ಮೆ ನೋಡಿಸಬೇಕು? ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಬೇಗ ಬೇಗ ಪ್ಲೇಟ್‌ಲೆಟ್ ಕೊಡುವವರು ವರ್ಷಕ್ಕೆ ಒಂದು ಸಲವಾದರೂ ನೋಡಿಸಿ. ಒಮ್ಮೆ ಕಡಿಮೆ ಬಂದವರು, ಮುಟ್ಟಾಗುವ ವಯಸ್ಸಿನ ಹೆಂಗಸರು ಆರು ತಿಂಗಳಿಗೊಮ್ಮೆ.

ಮಾತ್ರೆ: ಕಡಿಮೆ ಸಾಕು

ಊಟದಿಂದಲೇ ತುಂಬಿಕೊಳ್ಳುತ್ತೇನೆ ಅನ್ನುವವರಿಗೆ ಒಂದು ಪ್ರಯೋಗದ ಕಥೆ. 2015ರಲ್ಲಿ ಪ್ರಕಟವಾದದ್ದು, 215 ದಾನಿಗಳ ಮೇಲೆ ನಡೆದದ್ದು. ಒಂದು ಸಲ ರಕ್ತ ಕೊಟ್ಟ ಮೇಲೆ ಅರ್ಧ ಜನಕ್ಕೆ ದಿನಕ್ಕೆ 37.5 ಮಿ.ಗ್ರಾಂ ಕಬ್ಬಿಣ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಫೆರಿಟಿನ್ 26 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ, ಇಳಿದ ಹಿಮೋಗ್ಲೋಬಿನ್‌ನ ಶೇಕಡಾ 80 ವಾಪಸ್ ಬರಲು ಮಾತ್ರೆ ತೆಗೆದುಕೊಂಡವರಿಗೆ 32 ದಿನ ಹಿಡಿಯಿತು, ತೆಗೆದುಕೊಳ್ಳದವರಿಗೆ 158 ದಿನ. ಇನ್ನು ದಾಸ್ತಾನಿನ ವಿಷಯ: ಮಾತ್ರೆ ಇಲ್ಲದವರಲ್ಲಿ ಮೂರರಲ್ಲಿ ಎರಡು ಪಾಲು ಜನ 168 ದಿನವಾದರೂ ಮೊದಲಿನ ಮಟ್ಟಕ್ಕೆ ಬರಲೇ ಇಲ್ಲ. ಎರಡು ದಾನದ ನಡುವೆ ಕಾಯಲು ಹೇಳುವ ದಿನಗಳು ಸಾಮಾನ್ಯವಾಗಿ ಇದಕ್ಕಿಂತ ಎಷ್ಟು ಕಡಿಮೆ ಎಂದು ನೀವೇ ನೋಡಿಕೊಳ್ಳಿ.

ಹಾಗಂತ ದೊಡ್ಡ ಡೋಸ್ ಬೇಡ. ಕೆಂಪು ಕಣ ಕೊಟ್ಟ ಮೇಲೆ ದಿನಕ್ಕೆ 18 ರಿಂದ 38 ಮಿ.ಗ್ರಾಂ ಕಬ್ಬಿಣ, ಸುಮಾರು 60 ದಿನ, ಇದು ಅಮೆರಿಕದ ಬ್ಲಡ್ ಬ್ಯಾಂಕುಗಳ ಸಂಘ ಎಎಬಿಬಿ ಕೊಟ್ಟ ಸಲಹೆ. 19 ಮತ್ತು 38 ಮಿ.ಗ್ರಾಂ ಎರಡನ್ನೂ ಹೋಲಿಸಿ ನೋಡಿದಾಗ 19 ಕೂಡ ಚೆನ್ನಾಗಿಯೇ ಕೆಲಸ ಮಾಡಿತು. ಪ್ಲೇಟ್‌ಲೆಟ್ ದಾನಿಗಳಿಗೆ ಸೋರಿಕೆ ಹನಿ ಹನಿಯಾದ್ದರಿಂದ ಈ ವ್ಯಾಪ್ತಿಯ ಕೆಳಗಿನ ತುದಿ ಸಾಮಾನ್ಯವಾಗಿ ಸಾಲುತ್ತದೆ. ಎಷ್ಟು ದಿನ ಅನ್ನುವುದನ್ನು ಫೆರಿಟಿನ್ ನೋಡಿ ಡಾಕ್ಟರ ಹತ್ತಿರ ತೀರ್ಮಾನ ಮಾಡಿ.

ಇಲ್ಲಿ ಜನ ಎಡವುವುದು ಲೇಬಲ್ ಓದುವಾಗ. ಡಬ್ಬದ ಮೇಲೆ ದೊಡ್ಡದಾಗಿ ಇರುವ ಅಂಕಿ ಹೆಚ್ಚಾಗಿ ಕಬ್ಬಿಣದ ಲವಣದ, ಅಂದರೆ ಕಬ್ಬಿಣ ಸೇರಿದ ಇಡೀ ರಾಸಾಯನಿಕದ ತೂಕ, ಒಳಗಿರುವ ಕಬ್ಬಿಣದ ತೂಕವಲ್ಲ. ಫೆರಸ್ ಸಲ್ಫೇಟ್ 325 ಮಿ.ಗ್ರಾಂ ಮಾತ್ರೆಯಲ್ಲಿ ಕಬ್ಬಿಣ ಇರುವುದು 65. ಫೆರಸ್ ಫ್ಯೂಮರೇಟ್ ಅಷ್ಟೇ ತೂಕದ್ದಾದರೆ 106. ಫೆರಸ್ ಗ್ಲುಕೋನೇಟ್ ಆದರೆ 36-38. "ಎಲಿಮೆಂಟಲ್ ಐರನ್" ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನೇ ಹುಡುಕಿ. ಗೊತ್ತಾಗದಿದ್ದರೆ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟನ್ನೇ ಕೇಳಿ.

ಜಾಸ್ತಿ ನುಂಗಿದರೆ ಬೇಗ ತುಂಬುವುದಿಲ್ಲ. ಒಂದು ಡೋಸ್ ಒಳಗೆ ಹೋದ ಕೂಡಲೇ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಡುತ್ತದೆ, ಅದು ಹೆಚ್ಚುಕಡಿಮೆ ಒಂದು ದಿನ ಕರುಳಿನ ಬಾಗಿಲು ಹಾಕಿಬಿಡುತ್ತದೆ. ಆ ಹೊತ್ತಿನಲ್ಲಿ ಇನ್ನೊಂದು ಮಾತ್ರೆ ನುಂಗಿದರೆ ಹೊಟ್ಟೆ ಕೆಡುವುದೇ ಲಾಭ. ದಾಸ್ತಾನು ಕಡಿಮೆ ಇದ್ದ ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಾ ಕೊಡುವುದಕ್ಕಿಂತ ದಿನ ಬಿಟ್ಟು ದಿನ ಕೊಟ್ಟಾಗ ಕಬ್ಬಿಣ ಹೆಚ್ಚು ಹೀರಿಕೆಯಾಯಿತು. ಹಾಗಾಗಿ ಮನೆಯಲ್ಲಿ 65 ಮಿ.ಗ್ರಾಂ ಮಾತ್ರೆಯೇ ಇದ್ದರೆ, ಮಲಬದ್ಧತೆ ಕಾಡುವವರಾದರೆ, ದಿನ ಬಿಟ್ಟು ದಿನ ಬೆಳಗ್ಗೆ ಒಂದು ಎನ್ನುವುದು ನನ್ನ ಪ್ರಕಾರ ಎಲ್ಲಕ್ಕಿಂತ ಸುಲಭದ ದಾರಿ. ಮರೆಯುವವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಒಳ್ಳೆಯದು. ಹೊಟ್ಟೆ ತೊಳಸಿದರೆ ಸ್ವಲ್ಪ ತಿಂದು ತೆಗೆದುಕೊಳ್ಳಿ, ಹೀರಿಕೆ ಸ್ವಲ್ಪ ಕಡಿಮೆಯಾದರೂ ಬಿಟ್ಟೇಬಿಡುವುದಕ್ಕಿಂತ ವಾಸಿ. ಕಾಫಿ, ಟೀ, ಹಾಲು ಜೊತೆಗೆ ಬೇಡ, ಹಿಂದೆಮುಂದೆ ಒಂದೆರಡು ಗಂಟೆ ಬಿಡಿ. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ. ಆದರೆ ಟಾರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವ ಇರಬಹುದು, ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಪ್ಲೇಟ್‌ಲೆಟ್ ದಾನಿಗಳಿಗೇ ವಿಶೇಷವಾದ ಒಂದು ಮಾತು. ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲು ಸಿಟ್ರೇಟ್ ಸೇರಿಸುತ್ತಾರೆ, ಅದು ಮೈಯಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ತುಟಿ ಜುಮ್ಮೆನ್ನುತ್ತದೆ, ಅದಕ್ಕೆ ಎಂದು ಕ್ಯಾಲ್ಸಿಯಂ ಮಾತ್ರೆ ಚಪ್ಪರಿಸುತ್ತೇವೆ. ಇದೇ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಗೆ ಅಡ್ಡಿ. ಒಂದೇ ಕೈಯಲ್ಲಿ ಎರಡನ್ನೂ ನುಂಗಿದರೆ ಕಬ್ಬಿಣ ಬಹುಪಾಲು ಸುಮ್ನೆ ಹೊರಗೆ ಹೋಗುತ್ತದೆ. ದಾನದ ದಿನ ಕ್ಯಾಲ್ಸಿಯಂ, ಕಬ್ಬಿಣ ಮರುದಿನದಿಂದ, ಹೀಗೆ ಮಾಡಿಕೊಂಡರೆ ಗೊಂದಲವೇ ಇಲ್ಲ. ಅಸಿಡಿಟಿ ಮಾತ್ರೆಗಳೂ ಕಬ್ಬಿಣಕ್ಕೆ ಅಡ್ಡಿ ಮಾಡುತ್ತವೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆಯ ಕೆಲಸವೇ ಕೆಡುತ್ತದೆ. ಕೆಲವು ಆಂಟಿಬಯೋಟಿಕ್‌ಗಳಿಗೂ ಇದೇ ಪಾಡು, ಡಾಕ್ಟರಿಗೆ ಹೇಳಿಯೇ ಶುರುಮಾಡಿ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಡಬ್ಬವನ್ನು ಬೀಗದೊಳಗೆ ಇಡಿ. ಬಣ್ಣದ ಮಿಠಾಯಿಯ ಹಾಗೆ ಕಾಣುವ ಈ ಮಾತ್ರೆ ನಾಲ್ಕಾರು ನುಂಗಿದರೂ ಮಗುವಿನ ಪ್ರಾಣಕ್ಕೆ ಅಪಾಯ ಆಗಬಹುದು.

ಊಟ

ಊಟದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ಮಾಂಸ, ಮೀನಿನಲ್ಲಿರುವ ಕಬ್ಬಿಣ ಸುಲಭವಾಗಿ ಹೀರಿಕೆಯಾಗುತ್ತದೆ. ಕಾಳು, ಬೇಳೆ, ಸೊಪ್ಪಿನದು ಕಡಿಮೆ, ಆದರೆ ನಿಂಬೆ, ಕಿತ್ತಳೆಯಂಥ ಸಿ ಜೀವಸತ್ವ ಜೊತೆಗಿದ್ದರೆ ಏರುತ್ತದೆ, ಊಟದ ಜೊತೆಗೇ ಟೀ ಕಾಫಿ ಕುಡಿದರೆ ಇಳಿಯುತ್ತದೆ. ದೇಹ ಮಾಮೂಲಿಯಾಗಿ ದಿನಕ್ಕೆ ಒಂದೆರಡು ಮಿ.ಗ್ರಾಂ ಹೀರಿಕೊಳ್ಳುತ್ತದೆ, ಅದರಲ್ಲಿ ಸುಮಾರು ಒಂದು ಮಿ.ಗ್ರಾಂ ಚರ್ಮ, ಕರುಳಿನ ಮೂಲಕ ದಿನಾ ಹೋಗುತ್ತದೆ. ಕೊರತೆ ಇದ್ದಾಗ ಕರುಳು ಹೀರಿಕೆಯನ್ನು ಹೆಚ್ಚಿಸುತ್ತದೆ ನಿಜ. ಖರ್ಚೆಲ್ಲ ಕಳೆದು ದಿನಕ್ಕೆ ಎರಡು ಮಿ.ಗ್ರಾಂ ಉಳಿಯಿತು ಎಂದೇ ಇಟ್ಟುಕೊಂಡರೂ ಒಂದು ಇಡೀ ರಕ್ತದಾನದ 240 ಮಿ.ಗ್ರಾಂ ತುಂಬಲು ನಾಲ್ಕು ತಿಂಗಳು ಬೇಕು. ಊಟ ಚೆನ್ನಾಗಿರಲಿ, ಆದರೆ ಎರಡು ವಾರಕ್ಕೊಮ್ಮೆ ಕೊಡುವವರ ಸೋರಿಕೆಯನ್ನು ಊಟವೊಂದೇ ಕಟ್ಟಿಹಾಕುತ್ತದೆ ಎಂದು ನಂಬಬೇಡಿ.

ಅಂತರ ಹೊಂದಿಸಿಕೊಳ್ಳುವುದು

ಮಾತ್ರೆ ಬೇಡ ಅಥವಾ ಆಗುವುದಿಲ್ಲ ಅನ್ನುವವರಿಗೆ ಉಳಿದ ದಾರಿ ಅಂತರ. ಎರಡು ವಾರಕ್ಕೊಮ್ಮೆ ಕೊಡುವವರು ತಿಂಗಳಿಗೊಮ್ಮೆ ಮಾಡಿದರೆ ಸೋರಿಕೆ ಅರ್ಧ ಆಯಿತು. ಪ್ಲೇಟ್‌ಲೆಟ್ ಕೊಡುವವರು ನಡುವೆ ಇಡೀ ರಕ್ತ ಕೊಡುವುದನ್ನು ಬಿಟ್ಟುಬಿಡಿ, ಒಂದೇ ಸಲಕ್ಕೆ ಹತ್ತು ಪ್ಲೇಟ್‌ಲೆಟ್ ದಾನದಷ್ಟು ಕಬ್ಬಿಣ ಅದರಲ್ಲಿ ಹೋಗುತ್ತದೆ. ಯಂತ್ರದಲ್ಲಿ ಪ್ಲೇಟ್‌ಲೆಟ್ ಜೊತೆಗೇ ಒಂದು ಯೂನಿಟ್ ಕೆಂಪು ಕಣವನ್ನೂ ತೆಗೆಯಲೇ ಎಂದು ಕೇಳುವ ಕಡೆ, ನಿಮ್ಮ ಫೆರಿಟಿನ್ ಗೊತ್ತಿಲ್ಲದಿದ್ದರೆ ಬೇಡ ಎನ್ನಿ. ಹಾಗೆ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಫೆರಿಟಿನ್ ಸ್ವಲ್ಪ ತಗ್ಗಿದ್ದು, ಸುಮ್ಮನೆ ಕೂರಲು ಮನಸ್ಸಿಲ್ಲದಿದ್ದರೆ ಕೆಲವು ತಿಂಗಳು ಪ್ಲಾಸ್ಮಾಕ್ಕೆ ಬದಲಾಯಿಸಬಹುದಾ ಎಂದು ಬ್ಲಡ್ ಬ್ಯಾಂಕಿನ ಡಾಕ್ಟರನ್ನು ಕೇಳಿ.

ನೀವೇ ವೈದ್ಯ ಮಾಡಿಕೊಳ್ಳಬಾರದ ಸಂದರ್ಭ

ಫೆರಿಟಿನ್ ಕಡಿಮೆ ಬಂದ ಕೂಡಲೇ "ದಾನ ಮಾಡ್ತೀನಲ್ಲ, ಅದಕ್ಕೇ" ಎಂದು ತಳ್ಳಿಹಾಕುವುದು ಸುಲಭ, ಅಪಾಯವೂ ಅಲ್ಲೇ ಇದೆ. ಕರುಳಿನ ಹುಣ್ಣು, ಕರುಳಿನ ಕ್ಯಾನ್ಸರ್, ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟನ್ ಕರುಳಿಗೆ ಒಗ್ಗದ ಕಾಯಿಲೆ) ಇಂಥವೂ ಕಬ್ಬಿಣದ ಕೊರತೆಯಾಗಿಯೇ ಮೊದಲು ತೋರಬಹುದು. ಮುಟ್ಟು ನಿಂತ ಹೆಂಗಸರು, 50 ದಾಟಿದ ಗಂಡಸರು, ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಪ್ಲೇಟ್‌ಲೆಟ್ ಕೊಟ್ಟೂ ಫೆರಿಟಿನ್ ತಳ ಕಂಡವರು, ತೂಕ ಇಳಿಯುತ್ತಿರುವವರು ಕಾರಣ ಹುಡುಕಿಸಲೇಬೇಕು. ಮೊದಲು ಹೇಳಿದ ಸೋರಿಕೆಯ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ: ವರ್ಷದಲ್ಲಿ 100 ಮಿ.ಗ್ರಾಂ ಮಾತ್ರ ಕೊಟ್ಟಿದ್ದೀರಿ, ಫೆರಿಟಿನ್ ಮಾತ್ರ 80ರಿಂದ 15ಕ್ಕೆ ಬಂದಿದೆ ಎಂದರೆ ಲೆಕ್ಕ ಕೂಡುತ್ತಿಲ್ಲ. ಆ ಕಾಗದವನ್ನು ಡಾಕ್ಟರ ಮುಂದೆ ಇಡಿ. ಮುಟ್ಟಿನಲ್ಲಿ ರಕ್ತ ಬಹಳ ಹೋಗುವವರು ಅದನ್ನೂ ಹೇಳಿ.

ಇದಕ್ಕೆ ಪೂರ್ತಿ ವಿರುದ್ಧವಾದ ಗುಂಪೂ ಇದೆ. ಹಿಮೋಕ್ರೊಮಟೋಸಿಸ್ ಎಂಬ ವಂಶದ ತೊಂದರೆ ಇರುವವರ ದೇಹ ಕಬ್ಬಿಣವನ್ನು ಬೇಡವೆಂದರೂ ತುಂಬಿಕೊಳ್ಳುತ್ತದೆ. ಮನೆಯಲ್ಲಿ ಯಾರಿಗಾದರೂ ಅದು ಇದ್ದರೆ ಪರೀಕ್ಷೆ ಇಲ್ಲದೆ ಒಂದು ಮಾತ್ರೆಯನ್ನೂ ಮುಟ್ಟಬೇಡಿ. ಉಳಿದವರಿಗೂ ನನ್ನ ಸಲಹೆ ಅದೇ: ಮೊದಲು ಫೆರಿಟಿನ್, ಆಮೇಲೆ ಮಾತ್ರೆ.

ಮಾತ್ರೆ ಶುರು ಮಾಡಿ ಎರಡು-ಮೂರು ತಿಂಗಳಾದ ಮೇಲೆ ಮತ್ತೆ ಫೆರಿಟಿನ್ ನೋಡಿಸಿ. ಏರಿದ್ದರೆ ಅದೇ ಡೋಸ್, ಅದೇ ಅಂತರ ನಿಮಗೆ ಹೊಂದುತ್ತಿದೆ ಎಂದು ಅರ್ಥ. ಸರಿಯಾಗಿ ನುಂಗಿದರೂ ಏರಿಲ್ಲದಿದ್ದರೆ ಡೋಸ್ ಜಾಸ್ತಿ ಮಾಡಿಕೊಳ್ಳಲು ಹೋಗಬೇಡಿ, ಹೀರಿಕೆಯಾಗುತ್ತಿಲ್ಲವೋ ಬೇರೆ ಎಲ್ಲಾದರೂ ಹೋಗುತ್ತಿದೆಯೋ ಎಂದು ಡಾಕ್ಟರು ನೋಡಬೇಕು. ಮತ್ತೆ ದಾನಕ್ಕೆ ಹೋಗುವಾಗ ರಿಪೋರ್ಟಿನ ಪ್ರತಿ ಕೊಟ್ಟು, ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನೂ ಹೇಳಿ, ಅದನ್ನು ನಿಮ್ಮ ದಾಖಲೆಯಲ್ಲಿ ಬರೆಸಿ. ಹೇಗಿದ್ದರೂ ಟ್ಯೂಬುಗಳಿಗೆ ರಕ್ತ ತೆಗೆಯುತ್ತಾರೆ. ಅದರಲ್ಲೇ ಫೆರಿಟಿನ್ ಕೂಡ ಮಾಡಿಕೊಡುತ್ತೀರಾ ಎಂದು ಒಮ್ಮೆ ಕೇಳಿ ನೋಡಿ, ಒಪ್ಪಿದರೆ ಇನ್ನೊಂದು ಸಲ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.